ಫೋಟೋ ತೆಗೆದರೆ ಲೆಕ್ಕ ಬಿಡಿಸುವ ಆಪ್: ಎರಡು ವರ್ಷ ಬಳಸಿದ ಮೇಲೆ

ಮಗಳು ಐದನೇ ಕ್ಲಾಸಲ್ಲಿದ್ದಾಗ ಹಾಕಿಕೊಂಡ ಆಪ್ ಇದು. ಈಗ ಅವಳು ಏಳನೇ ಕ್ಲಾಸು. ಹೆಸರು ಬೇಡ ಬಿಡಿ, ಈ ಥರದ್ದು ಎಷ್ಟೋ ಇವೆ. ಲೆಕ್ಕದ ಮೇಲೆ ಕ್ಯಾಮೆರಾ ಹಿಡಿದರೆ ಉತ್ತರ ಬರುತ್ತದೆ, ಕೆಳಗೆ ಒಂದೊಂದೇ ಹಂತ. ನಾನು ಬಳಸಿದ್ದು ದುಡ್ಡು ಕೊಡದೆ ಸಿಗುವಷ್ಟನ್ನು ಮಾತ್ರ.

ಮೊದಲ ತಿಂಗಳು ದಂಡ. ಹೋಮ್‌ವರ್ಕ್ ಹತ್ತೇ ನಿಮಿಷಕ್ಕೆ ಮುಗಿಯುತ್ತಿತ್ತು, ನನಗೂ ಖುಷಿ. ಟೆಸ್ಟ್ ಪೇಪರ್ ಮನೆಗೆ ಬಂದಾಗ ಗೊತ್ತಾಯ್ತು, ಅವಳು ಸುಮ್ನೆ ನೋಡಿ ಬರೆಯುತ್ತಿದ್ದಳು ಅಂತ. ಆಮೇಲೆ ಒಂದು ಕರಾರು ಮಾಡಿಕೊಂಡೆವು. ಮೊದಲು ರಫ್ ಪುಸ್ತಕದಲ್ಲಿ ತಾನೇ ಮಾಡಬೇಕು. ಉತ್ತರ ತಪ್ಪಿದರೆ ಮಾತ್ರ ಫೋನು. ಎಲ್ಲಿ ತಪ್ಪಿತು ಅಂತ ಅವಳೇ ಬೆರಳಿಟ್ಟು ತೋರಿಸಬೇಕು.

ಆಪ್ ನಿಜವಾಗಿ ಕೆಲಸಕ್ಕೆ ಬಂದಿದ್ದು ಅಲ್ಲಿಂದ. 1428 ಭಾಗಿಸು 7. ಅವಳ ಉತ್ತರ ಪ್ರತಿಸಲ 24. ಎರಡೂ ಪಕ್ಕಪಕ್ಕ ಇಟ್ಟು ನೋಡಿದೆವು. 14ರಲ್ಲಿ 7 ಎರಡು ಸಲ, ಸರಿ. 2 ಕೆಳಗಿಳಿಸಬೇಕು, ಅದರಲ್ಲಿ 7 ಹೋಗಲ್ಲ. ಆಪ್ ಅಲ್ಲಿ ಮೇಲೆ 0 ಬರೆದು, ಆಮೇಲೆ 8 ಇಳಿಸಿ 28 ಮಾಡಿತ್ತು. ಇವಳು ಸೊನ್ನೆ ಬರೆಯದೆ ನೇರ 28ಕ್ಕೆ ಹಾರಿದ್ದಳು. ಉತ್ತರ 204. ನಾನು ಹತ್ತು ಸಲ ಬೈದರೂ ಆಗದ್ದು ಆ ಒಂದು ಸಾಲಲ್ಲಿ ಆಯ್ತು.

ಸಮೀಕರಣದ ಕಥೆ ಬೇರೆ. ಆಪ್ "ಎರಡೂ ಕಡೆ 5 ಕಳೆಯಿರಿ" ಅನ್ನುತ್ತದೆ, ಅದೂ ಇಂಗ್ಲಿಷಿನಲ್ಲಿ. ನಮ್ಮ ಕಾಲದ ಮೇಷ್ಟ್ರು ಹೇಳುತ್ತಿದ್ದದ್ದು ಪಕ್ಷಾಂತರ, ಅಂದರೆ ಸಂಖ್ಯೆಯನ್ನು ಸಮ ಚಿಹ್ನೆಯ ಈ ಕಡೆಯಿಂದ ಆ ಕಡೆಗೆ ಸಾಗಿಸುವುದು. ಪಕ್ಷ ಬದಲಿಸಿದರೆ ಚಿಹ್ನೆಯೂ ಬದಲಾಗಬೇಕಲ್ವಾ! ನನಗೆ ನೆನಪಿರುವುದು ಅದೇ. ಆದರೂ ಮಗಳಿಗೆ ಆಪ್ ದಾರಿಯೇ ಒಳ್ಳೆಯದು ಅನ್ನಿಸಿತು, ಯಾಕೆ ಬದಲಾಗುತ್ತದೆ ಅಂತ ಅದರಲ್ಲಿ ಕಾಣುತ್ತದೆ.

ಮಾತಿನ ಲೆಕ್ಕಗಳಲ್ಲಿ ಮಾತ್ರ ಪೂರ್ತಿ ಸೋಲು. "ತೋಟದ ಉದ್ದ ಅಗಲಕ್ಕಿಂತ 4 ಮೀಟರ್ ಜಾಸ್ತಿ, ಸುತ್ತಳತೆ 40 ಮೀಟರ್" ಅಂತ ಕನ್ನಡದಲ್ಲಿದ್ದರೆ ಆಪ್ ಓದುವುದೇ ಇಲ್ಲ. ನಾವೇ ಚಿತ್ರ ಬರೆದು, ಸಮೀಕರಣ ಮಾಡಿ ಕೊಡಬೇಕು. ಮುಂದೆ ಅಗಲ 8, ಉದ್ದ 12 ಅಂತ ತೆಗೆಯುವುದು ಏನು ಮಹಾ? ಕಷ್ಟದ ಭಾಗ ನಮಗೇ ಉಳಿಯಿತು. ಜಾಹೀರಾತಿನ ಕಾಟವೂ ಇದೆ, ಮಗು ಕೈಗೆ ಕೊಡುವಾಗ ಡೇಟಾ ಆಫ್ ಮಾಡೋಣ ಅಂದರೆ ಆಪ್ ಓಡಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಪಕ್ಕದಲ್ಲಿ ಕೂರಲು ದೊಡ್ಡವರಿಗೆ ಪುರುಸೊತ್ತಿಲ್ಲದಿದ್ದರೆ ಹಾಕಿಸಲೇಬೇಡಿ.

ಹೋದ ವಾರ ಯಾವುದೋ ಲೆಕ್ಕದ ನಡುವೆ 756ನ್ನು 7ರಿಂದ ಭಾಗಿಸಬೇಕಿತ್ತು. ಅವಳ ಕೈಬರಹದ ಮೊದಲ 7 ಆಪ್‌ಗೆ 1 ಥರ ಕಂಡಿತು. 22, ಶೇಷ 2 ಅಂತ ತೋರಿಸಿತು. "ಅಪ್ಪಾ, ಏಳ್ನೂರರಲ್ಲೇ 7 ನೂರು ಸಲ ಹೋಗತ್ತೆ, ಇದೇನು 22 ಅಂತಿದೆ?" ಅಂದಳು. ಫೋನು ಆಚೆ ಇಟ್ಟು ತಾನೇ 108 ಬರೆದಳು, ನಡುವಿನ ಸೊನ್ನೆ ಸಮೇತ.