ಆಬ್ಜೆಕ್ಟ್.ಫ್ರೀಜ್: ದರಪಟ್ಟಿಗೆ ಭದ್ರ, ಪ್ರೋಟೋಟೈಪ್‌ಗೆ ಹಾಕಿದರೆ ಕಿರಿಕಿರಿ

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿ ಬಿಲ್ಲಿಂಗ್‌ಗೆ ಬರೆದ ಜಾವಾಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟ್.ಫ್ರೀಜ್ ಅನ್ನು, ಅಂದರೆ ಒಂದು ಆಬ್ಜೆಕ್ಟ್ (ಹೆಸರು-ಮೌಲ್ಯಗಳ ಕಟ್ಟು) ಮುಂದೆ ಬದಲಾಗದಂತೆ ಬೀಗ ಹಾಕುವ ಫಂಕ್ಷನ್ ಅನ್ನು, ಬಹಳ ಕಾಲದಿಂದ ಬಳಸುತ್ತಿದ್ದೇನೆ. ಹರಾಜಿನ ದರ ನಮೂದಿಸಿದ ಕೂಡಲೇ ಆ ಲಾಟನ್ನು ಫ್ರೀಜ್ ಮಾಡುವುದು ನಿತ್ಯದ ಪದ್ಧತಿ: 15 ಕೆ.ಜಿ. ಬಾಕ್ಸ್ ಎಷ್ಟು, ಬಾಕ್ಸಿಗೆ ದರವೆಷ್ಟು, ಹಮಾಲಿ ಎಷ್ಟು. ಮುಂದೆ ಪಟ್ಟಿ ಪ್ರಿಂಟ್ ಮಾಡುವ ಕೋಡ್ ಎಲ್ಲಿ ಎಡವಿದರೂ ರೈತನ ದರ ಕದಲುವುದಿಲ್ಲ. ಫ್ರೀಜ್ ಮೇಲ್ಪದರಕ್ಕಷ್ಟೇ ತಾಗುತ್ತದೆ, ಹಾಗಾಗಿ ಒಳಗಿನ ಆಬ್ಜೆಕ್ಟ್‌ಗಳನ್ನು ಮೊದಲು ಫ್ರೀಜ್ ಮಾಡಿ, ಹೊರಗಿನದನ್ನು ಕೊನೆಗೆ. ತಾರೀಖನ್ನು ಸ್ಟ್ರಿಂಗ್ ಆಗಿಯೇ ಇಡಿ, ಏಕೆಂದರೆ ಫ್ರೀಜ್ ಆದ ಡೇಟ್ ಆಬ್ಜೆಕ್ಟ್ ಕೂಡ ಸಮಯ ಬದಲಿಸುವ ಸೆಟ್‌ಅವರ್ಸ್‌ಗೆ ಬಗ್ಗುತ್ತದೆ. ಮ್ಯಾಪ್ (ಕೀ-ಮೌಲ್ಯ ಜೋಡಿಗಳ ಸಂಗ್ರಹ) ಕಥೆಯೂ ಅಷ್ಟೇ. ಸ್ಟ್ರಿಕ್ಟ್ ಮೋಡ್ (ಜಾವಾಸ್ಕ್ರಿಪ್ಟ್‌ನ ಕಟ್ಟುನಿಟ್ಟಿನ ವಿಧಾನ) ಇಲ್ಲದಿದ್ದರೆ, ಫ್ರೀಜ್ ಆದದ್ದನ್ನು ಬದಲಿಸುವ ಸಾಲು ಎರರ್ ಕೊಡದೆ ಸುಮ್ಮನೆ ಬಿದ್ದುಹೋಗುತ್ತದೆ.

ಇಲ್ಲಿಯವರೆಗೆ ಪೂರ್ತಿ ಅಂಕ. ಅಂತರ್ನಿರ್ಮಿತ ಪ್ರೋಟೋಟೈಪ್‌ಗಳ, ಅಂದರೆ ಉಳಿದ ಆಬ್ಜೆಕ್ಟ್‌ಗಳು ಗುಣಗಳನ್ನು ಪಡೆಯುವ, ಅಪ್ಪನಂತಿರುವ ಮೂಲ ಆಬ್ಜೆಕ್ಟ್‌ಗಳ ವಿಷಯಕ್ಕೆ ಬಂದರೆ ಬೇಸರ ಶುರು.

ಅವನ್ನು ಫ್ರೀಜ್ ಮಾಡಲು ಕಾರಣ ಗಟ್ಟಿಯಾಗಿದೆ. ಹೊರಗಿನಿಂದ ಬಂದ ಜೆಸನ್ ದತ್ತಾಂಶದಲ್ಲಿ '__proto__' ಎಂಬ, ಪ್ರೋಟೋಟೈಪ್‌ಗೆ ಕೊಂಡೊಯ್ಯುವ ಕೀ ನುಸುಳಿ, ಆಬ್ಜೆಕ್ಟ್‌ಗಳನ್ನು ಬೆರೆಸುವ ಅಜಾಗರೂಕ ಮರ್ಜ್ ಫಂಕ್ಷನ್ ಅದನ್ನು ಹಿಂಬಾಲಿಸಿದರೆ, 'ರಿಯಾಯಿತಿ' ಎಂಬ ಗುಣ, ಸಾಮಾನ್ಯ ಆಬ್ಜೆಕ್ಟ್‌ಗಳೆಲ್ಲದರ ಅಪ್ಪನಾದ ಆಬ್ಜೆಕ್ಟ್.ಪ್ರೋಟೋಟೈಪ್‌ನಲ್ಲಿ ಕೂರುತ್ತದೆ. ಆಮೇಲೆ ರಿಯಾಯಿತಿಯೇ ಇಲ್ಲದ ಲಾಟಿಗೂ ಅದು ಸಿಗುತ್ತದೆ. ಫ್ರೀಜ್ ಇದನ್ನು ತಡೆಯುತ್ತದೆ. ಜೊತೆಗೆ ತಡೆಯಬಾರದ್ದನ್ನೂ ತಡೆಯುತ್ತದೆ! ಎರರ್.ಪ್ರೋಟೋಟೈಪ್ ಫ್ರೀಜ್ ಆಗಿ ಅದರ 'ನೇಮ್' ಗುಣ ರೀಡ್-ಓನ್ಲಿ ಆದ ಮೇಲೆ, ಅದರಿಂದ ಹುಟ್ಟಿದ ನಿಮ್ಮದೇ ಎರರ್ ಕ್ಲಾಸ್‌ನ ಕನ್‌ಸ್ಟ್ರಕ್ಟರ್‌ನಲ್ಲಿ 'ದಿಸ್.ನೇಮ್ =' ಎಂದರೆ ಟೈಪ್‌ಎರರ್. ಬರೆಯುವುದು ಮಗುವಿನ ಮೇಲೆ, ತಡೆ ಅಪ್ಪನದು. ದರ ತಪ್ಪಿದೆ ಎಂದು ಹೇಳಬೇಕಿದ್ದ ಲಾಗ್ ಬೇರೆಯೇ ದೋಷ ತೋರಿಸುತ್ತದೆ, ಮೂಲ ಕಾರಣ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. 2009ರ ಇಎಸ್5ರಿಂದ (ಜಾವಾಸ್ಕ್ರಿಪ್ಟ್ ಮಾನದಂಡದ ಐದನೇ ಆವೃತ್ತಿ) ಉಳಿದುಬಂದ ಈ ವಿನ್ಯಾಸದೋಷಕ್ಕೆ 'ಓವರ್‌ರೈಡ್ ಮಿಸ್ಟೇಕ್' ಎಂದೇ ಹೆಸರು. ಪೈಥಾನ್ ತನ್ನ ಲಿಸ್ಟ್, ಇಂಟ್‌ಗಳಿಗೆ ಹೊಸ ಗುಣ ಅಂಟಿಸಲು ಮೊದಲಿನಿಂದಲೇ ಬಿಡುವುದಿಲ್ಲ. ಅದೇ ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ.

ಆದರೂ ದಾರಿಯಿದೆ, ಅದಕ್ಕೇ ಕೈಬಿಟ್ಟಿಲ್ಲ. ಸ್ವಂತ ಕೋಡ್‌ನಲ್ಲಿ 'ನೇಮ್' ಅನ್ನು ಕ್ಲಾಸ್ ಫೀಲ್ಡ್ ಆಗಿ ಬರೆಯಿರಿ, ಇಲ್ಲವೇ ಡಿಫೈನ್‌ಪ್ರಾಪರ್ಟಿ ಬಳಸಿ. ಎರಡಕ್ಕೂ ಅಪ್ಪನ ಅನುಮತಿ ಬೇಡ. ಪಾಲಿಫಿಲ್‌ಗಳೆಲ್ಲ (ಹಳೆಯ ಎಂಜಿನ್‌ಗೆ ಹೊಸ ಸೌಲಭ್ಯ ಸೇರಿಸುವ ಕೋಡ್) ಲೋಡ್ ಆದ ಮೇಲೇ ಫ್ರೀಜ್ ಮಾಡಿ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನಲ್ಲಿ ಅಂತರ್ನಿರ್ಮಿತಗಳನ್ನು ತಾನೇ ಫ್ರೀಜ್ ಮಾಡುವ 'ಫ್ರೋಜನ್-ಇಂಟ್ರಿನ್ಸಿಕ್ಸ್' ಫ್ಲ್ಯಾಗ್ ಇನ್ನೂ ಪ್ರಾಯೋಗಿಕ, ಮಂಡಿಯ ಲೆಕ್ಕವನ್ನು ಅದರ ಮೇಲೆ ಬಿಡಲಾರೆ. ಹಳೆಯ ಲೈಬ್ರರಿಗಳೇ ತುಂಬಿದ್ದರೆ ಎರರ್.ಪ್ರೋಟೋಟೈಪ್ ಮುಟ್ಟಬೇಡಿ. ಆಬ್ಜೆಕ್ಟ್.ಪ್ರೋಟೋಟೈಪ್ ಒಂದನ್ನೇ ಫ್ರೀಜ್ ಮಾಡಿ, ಅದೇ ತಡೆಗೆ ಸಿಕ್ಕಿಬೀಳುವ 'ಪ್ರೋಟೋಟೈಪ್.ಟುಸ್ಟ್ರಿಂಗ್ =' ಎಂದು ಬರೆದಿರುವ ಸಾಲುಗಳನ್ನು ಹುಡುಕಿ ತಿದ್ದಿ.