ಎಂಜಿನ್‌ಎಕ್ಸ್‌ನ ಕಾನ್ಫಿಗ್ ಟೆಸ್ಟ್: ವರ್ಷಗಟ್ಟಲೆ ಬಳಸಿದವನ ಅನುಭವ

ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್ ನೋಡಿಕೊಳ್ಳುವವರು ಕಾನ್ಫಿಗ್ (ಸೆಟ್ಟಿಂಗ್‌ಗಳ ಫೈಲು) ತಿದ್ದಿದ ಕೂಡಲೇ ಓಡಿಸುವುದು, ಅದನ್ನು ಪರೀಕ್ಷಿಸುವ '-ಟಿ' (ಸಣ್ಣಕ್ಷರದ t) ಆಯ್ಕೆಯನ್ನು. ಅದು 'ಸಕ್ಸೆಸ್‌ಫುಲ್' ಎನ್ನದೆ ನಾನು ರೀಲೋಡ್ (ಓಡುತ್ತಿರುವ ಸರ್ವರ್‌ಗೆ ಹೊಸ ಕಾನ್ಫಿಗ್ ಓದಿಸುವುದು) ಕೊಡುವುದಿಲ್ಲ. ಆದರೆ ಆ ಒಂದು ಪದ ಎಷ್ಟಕ್ಕೆ ಖಾತ್ರಿ, ಎಷ್ಟಕ್ಕೆ ಅಲ್ಲ ಎಂಬುದನ್ನು ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಮೊದಲು ಮೆಚ್ಚುವ ಮಾತು. ಬ್ರಾಕೆಟ್ ಮುಚ್ಚದಿದ್ದರೆ, ಡೈರೆಕ್ಟಿವ್‌ನ (ಕಾನ್ಫಿಗ್‌ನ ಒಂದೊಂದು ಆದೇಶದ) ಹೆಸರು ತಪ್ಪಿದ್ದರೆ ಫೈಲು ಯಾವುದು, ಸಾಲು ಎಷ್ಟನೆಯದು ಎಂದು ತೋರಿಸುತ್ತದೆ. (ಸೆಮಿಕೋಲನ್ ಬಿಟ್ಟುಹೋಗಿದ್ದರೆ ಮಾತ್ರ ತೋರಿಸಿದ ಸಾಲಿನ ಮೇಲಿನ ಸಾಲನ್ನೂ ನೋಡಿ.) ಅಷ್ಟಕ್ಕೇ ನಿಲ್ಲದೆ, ಕಾನ್ಫಿಗ್‌ನಲ್ಲಿ ಹೆಸರಿಸಿದ ಫೈಲ್‌ಗಳನ್ನೂ ತೆರೆದು ನೋಡುತ್ತದೆ. ಎಚ್‌ಟಿಟಿಪಿಎಸ್‌ನ ಸರ್ಟಿಫಿಕೇಟ್‌ಗೂ ಅದರ ಪ್ರೈವೇಟ್ ಕೀಗೂ ಜೋಡಿ ಕೂಡದಿದ್ದರೆ ಅಲ್ಲೇ ತಡೆಯುತ್ತದೆ. ಬರೀ ವ್ಯಾಕರಣ ನೋಡುವ ಟೆಸ್ಟ್‌ಗಳಿಗಿಂತ ಇದು ಒಂದು ಹೆಜ್ಜೆ ಮುಂದಿದೆ.

ನನ್ನ ದೊಡ್ಡ ತಕರಾರು ಎಚ್ಚರಿಕೆಗಳ ಬಗ್ಗೆ. ಒಂದೇ ಪೋರ್ಟ್‌ನಲ್ಲಿ ಎರಡು ಫೈಲ್‌ಗಳು ಒಂದೇ ಸರ್ವರ್ ನೇಮ್ (ಸೈಟ್‌ನ ಹೆಸರು) ಹೇಳಿಕೊಂಡರೆ, ಎಂಜಿನ್‌ಎಕ್ಸ್ ಎರಡನೆಯದನ್ನು ಕೈಬಿಡುತ್ತದೆ. 'ವಾರ್ನ್' ಎಂದು ಒಂದು ಸಾಲು ಬರೆದು, ಅದರ ಕೆಳಗೇ ಟೆಸ್ಟ್ ಪಾಸ್ ಎನ್ನುತ್ತದೆ. ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಯಶಸ್ಸು. ಬದಲಾವಣೆಯನ್ನು ಸರ್ವರ್‌ಗೆ ಹಾಕುವ ಡಿಪ್ಲಾಯ್ ಸ್ಕ್ರಿಪ್ಟ್ ಸೊನ್ನೆಯನ್ನಷ್ಟೇ ನೋಡಿ ಮುಂದೆ ಹೋಗುತ್ತದೆ, ಹೊಸ ಸೈಟ್ ತೆರೆದುಕೊಳ್ಳುವುದೇ ಇಲ್ಲ. ಸರ್ವರ್‌ಗಳಿಗೆ ಲೋಡ್ ಹಂಚುವ ಸಾಫ್ಟ್‌ವೇರ್ ಎಚ್‌ಎಪ್ರಾಕ್ಸಿಯಲ್ಲಿ '-ಡಿಡಬ್ಲ್ಯೂ' (-dW) ಕೊಟ್ಟರೆ ಒಂದು ಎಚ್ಚರಿಕೆ ಬಂದರೂ ಅದು ಮುಂದುವರಿಯಲು ಒಪ್ಪುವುದಿಲ್ಲ. ಅಂಥದ್ದೊಂದು ಇಲ್ಲೂ ಬೇಕೇ ಬೇಕು.

ಟೆಸ್ಟ್ ಹಿಡಿಯದ ತಪ್ಪುಗಳೂ ಇವೆ. ಪೋರ್ಟ್ 80ರಲ್ಲಿ ಇನ್ನೊಂದು ವೆಬ್ ಸರ್ವರ್ ಆದ ಅಪಾಚೆ ಕೂತಿದ್ದರೂ ಟೆಸ್ಟ್ ಪಾಸಾಗುತ್ತದೆ. ಸ್ಟಾರ್ಟ್ ಮಾಡುವಾಗ ಎಂಜಿನ್‌ಎಕ್ಸ್ ಬೀಳುತ್ತದೆ. ಅವಧಿ ಮುಗಿದ ಸರ್ಟಿಫಿಕೇಟ್ ಕಂಡರೂ ಟೆಸ್ಟ್ ಸುಮ್ಮನಿರುತ್ತದೆ. ಅಪ್‌ಸ್ಟ್ರೀಮ್‌ನಲ್ಲಿ (ಎಂಜಿನ್‌ಎಕ್ಸ್ ಕೋರಿಕೆಗಳನ್ನು ದಾಟಿಸುವ ಹಿಂದಿನ ಸರ್ವರ್‌ಗಳ ಪಟ್ಟಿ) ಬರೆದ ಹೋಸ್ಟ್ ಹೆಸರಿಗೆ ಈಗ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಉತ್ತರ ಸಿಕ್ಕಿತೆಂದು ಒಪ್ಪಿಕೊಂಡ ಕಾನ್ಫಿಗ್, ರೀಬೂಟ್ ಆಗುವ ಹೊತ್ತಿಗೆ ಡಿಎನ್‌ಎಸ್ ಸಿಗದಿದ್ದರೆ ಸರ್ವರನ್ನೇ ಏಳಗೊಡುವುದಿಲ್ಲ. ರೀಲೋಡ್‌ನಲ್ಲಿ ಈ ಭಯವಿಲ್ಲ: ಹೊಸ ಕಾನ್ಫಿಗ್ ಕೆಟ್ಟಿದ್ದರೆ ಮಾಸ್ಟರ್ ಪ್ರೊಸೆಸ್ ಹಳೆಯದರಲ್ಲೇ ಕೆಲಸ ನಡೆಸುತ್ತದೆ. ಈ ಗುಣಕ್ಕಾಗಿಯೇ ನಾನು ಎಂಜಿನ್‌ಎಕ್ಸ್ ಬಿಟ್ಟಿಲ್ಲ.

ಇನ್ನು ವ್ಯಾಕರಣ ಸರಿಯಿದ್ದೂ ಅರ್ಥ ಕೆಡುವ ಜಾಗಗಳು. ಲೊಕೇಶನ್ ಬ್ಲಾಕ್ (ಸೈಟ್‌ನ ಒಂದು ಹಾದಿಗೆ ಸೇರಿದ ಭಾಗ) ಒಳಗೆ, ಉತ್ತರದ ಜೊತೆ ಹೆಡರ್ ಕಳಿಸುವ 'ಆಡ್ ಹೆಡರ್' ಒಂದೇ ಒಂದು ಬರೆದರೂ, ಮೇಲಿನ ಸರ್ವರ್ ಬ್ಲಾಕ್‌ನಲ್ಲಿ ಬರೆದ ಹೆಡರ್‌ಗಳು ಅಲ್ಲಿಗೆ ಇಳಿದು ಬರುವುದಿಲ್ಲ. ಎಚ್‌ಎಸ್‌ಟಿಎಸ್‌ನಂಥ (ಸೈಟನ್ನು ಎಚ್‌ಟಿಟಿಪಿಎಸ್‌ನಲ್ಲೇ ತೆರೆಯಲು ಬ್ರೌಸರ್‌ಗೆ ಹೇಳುವ) ಭದ್ರತೆಯ ಹೆಡರ್ ಹೀಗೆ ಸದ್ದಿಲ್ಲದೆ ಹೋಗಿಬಿಡುತ್ತದೆ. ಇದು ನಿಯಮದ ಪ್ರಕಾರವೇ ಆಗುವುದು, ನಿಜ. ಆದರೂ ಒಂದು ಎಚ್ಚರಿಕೆ ಕೊಡಬಾರದೇ? ಎಂಜಿನ್‌ಎಕ್ಸ್ 1.9.2 ಆವೃತ್ತಿಯಿಂದ ಇರುವ ದೊಡ್ಡಕ್ಷರದ ಟಿ (-T) ಆಯ್ಕೆ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಮುದ್ರಿಸುತ್ತದೆ, ಕೊನೆಗೆ ಯಾವ ಬ್ಲಾಕ್‌ಗೆ ಯಾವ ಮೌಲ್ಯ ಉಳಿಯಿತು ಎಂದು ಹೇಳುವುದಿಲ್ಲ. ಇದನ್ನು ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಚೆನ್ನಾಗಿ ಮಾಡಿದೆ. ಅಲ್ಲಿ ಹೆಚ್ಚಿನ ಸೆಟ್ಟಿಂಗ್‌ಗಳಿಗೆ ಮೊದಲು ಸಿಕ್ಕ ಮೌಲ್ಯವೇ ಖಾಯಂ. ಮುಖ್ಯ ಫೈಲಿನಲ್ಲಿ ಪಾಸ್‌ವರ್ಡ್ ಲಾಗಿನ್ ಬೇಡವೆಂದು ಬರೆದಿದ್ದರೂ, ಅದಕ್ಕಿಂತ ಮೊದಲೇ ಓದುವ ಇನ್‌ಕ್ಲೂಡ್ ಫೈಲಿನಲ್ಲಿ ಬೇಕೆಂದಿದ್ದರೆ ಬಾಗಿಲು ತೆರೆದೇ ಇರುತ್ತದೆ. ಅದರ ಸರ್ವರ್ ಪ್ರೋಗ್ರಾಂ 'ಎಸ್‌ಎಸ್‌ಎಚ್‌ಡಿ'ಗೆ ದೊಡ್ಡಕ್ಷರದ ಟಿ ಕೊಟ್ಟರೆ ಉಳಿದ ಮೌಲ್ಯ ಯಾವುದೆಂದು ಕಾಣುತ್ತದೆ.

ಸದ್ಯಕ್ಕೆ ನಾನು ಸ್ಕ್ರಿಪ್ಟ್‌ನಲ್ಲಿ ಟೆಸ್ಟ್‌ನ ಔಟ್‌ಪುಟ್‌ನಲ್ಲೇ 'ವಾರ್ನ್' ಹುಡುಕಿ ನಿಲ್ಲಿಸುತ್ತೇನೆ, ಹೆಡರ್ ಮತ್ತು ಅಲಿಯಾಸ್ (ಸೈಟ್‌ನ ಹಾದಿಯನ್ನು ಬೇರೆ ಫೋಲ್ಡರ್‌ಗೆ ಕಟ್ಟುವ ಡೈರೆಕ್ಟಿವ್) ತಪ್ಪುಗಳಿಗೆ ಯಾಂಡೆಕ್ಸ್‌ನವರ ಕಾನ್ಫಿಗ್ ತಪಾಸಣೆಯ ಸಾಧನ ಗಿಕ್ಸಿ ಓಡಿಸುತ್ತೇನೆ, ರೀಲೋಡ್ ಆದ ಮೇಲೆ ಕರ್ಲ್ ಎಂಬ ಕಮಾಂಡ್‌ನಿಂದ ಹೆಡರ್ ತರಿಸಿ ನೋಡುತ್ತೇನೆ. ಐದರಲ್ಲಿ ನಾಲ್ಕು ಸ್ಟಾರ್. ಎಚ್ಚರಿಕೆಯನ್ನೂ ಸೋಲೆಂದು ಎಣಿಸುವ ಆಯ್ಕೆ ಬಂದ ದಿನ ಐದನೆಯದನ್ನೂ ಕೊಡುತ್ತೇನೆ.