ಬ್ಯಾಗ್‌ಪೈಪಿನ ಒಂಬತ್ತು ಸ್ವರಗಳಿಗೆ ಒಂದು ಮ್ಯಾಂಡೊಲಿನ್

ಕಳೆದ ದೀಪಾವಳಿಯ ಹೊತ್ತಿಗೆ ಆನ್‌ಲೈನಿನಲ್ಲಿ 5,800 ರೂಪಾಯಿ ಕೊಟ್ಟು ತರಿಸಿಕೊಂಡ, ಕೋಲ್ಕತ್ತಾದಲ್ಲಿ ತಯಾರಾದ ಎಂಟು ತಂತಿಯ ಮ್ಯಾಂಡೊಲಿನ್ ಬಳ್ಳಾರಿಯ ನಮ್ಮ ಮನೆಗೆ ಬಂದು ಏಳು ತಿಂಗಳಾಯಿತು. ಅದನ್ನು ಕೊಂಡದ್ದು ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಮಟ್ಟುಗಳನ್ನು ನುಡಿಸಬೇಕೆಂಬ ಒಂದೇ ಆಸೆಯಿಂದ. ಪೊಲೀಸ್ ಪರೇಡಿನ ಪೈಪ್ ಬ್ಯಾಂಡ್ ಕೇಳುತ್ತ ಬೆಳೆದ ನನಗೆ ಆ ಸಂಗೀತ ಬಹಳ ಪ್ರಿಯವಾದದ್ದು. ಆದರೆ ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ ಅಷ್ಟು ಗಟ್ಟಿ ದನಿಯ ವಾದ್ಯವನ್ನು ದಿನವೂ ಊದಲು ಸಾಧ್ಯವಿಲ್ಲ.

ಹೈಲ್ಯಾಂಡ್ ಬ್ಯಾಗ್‌ಪೈಪಿನಲ್ಲಿ ಮಟ್ಟು ನುಡಿಸುವ ಚಾಂಟರ್ ಕೊಳವೆಗೆ ಇರುವುದು 9 ಸ್ವರಗಳು ಮಾತ್ರ. ಪಾಶ್ಚಾತ್ಯ ಸ್ವರ ‘ಎ’ಯನ್ನು ಷಡ್ಜವೆಂದು ಹಿಡಿದರೆ, ಅವು ಮಂದ್ರದ ಕೋಮಲ ನಿಷಾದದಿಂದ ತಾರ ಷಡ್ಜದವರೆಗೆ ಸಾಗುತ್ತವೆ, ಸ್ವರಗಳೂ ನಮ್ಮ ಹಿಂದೂಸ್ತಾನಿ ಸಂಗೀತದ ಖಮಾಜ್ ಥಾಟಿನವೇ. ಮ್ಯಾಂಡೊಲಿನ್ನಿನಲ್ಲಿ ಈ ಒಂಬತ್ತೂ ಕುತ್ತಿಗೆಯ ಮೇಲಿನ ಮೊದಲ 5 ಫ್ರೆಟ್‌ (ಮೆಟ್ಟಿಲು)ಗಳೊಳಗೆ ಸಿಗುವುದರಿಂದ ಎಡಗೈಯನ್ನು ಜಾರಿಸುವ ಪ್ರಮೇಯವೇ ಬರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಪೈಪ್ ಸ್ವರಲಿಪಿಯಲ್ಲಿ ‘ಸಿ’ ಮತ್ತು ‘ಎಫ್’ಗಳಿಗೆ ಶಾರ್ಪ್ (ಅರ್ಧ ಸ್ವರ ಏರಿಸುವ) ಗುರುತು ಹಾಕದಿರುವುದು ವಾಡಿಕೆ, ನುಡಿಸುವಾಗ ಮಾತ್ರ ಅವೆರಡೂ ಶಾರ್ಪ್ ಆಗಿಯೇ ಬರಬೇಕು. ಇದನ್ನು ತಿಳಿಯದೆ ನಾನು ಎರಡು ವಾರ ಕೋಮಲ ಗಾಂಧಾರವನ್ನೇ ಬಾರಿಸಿದ್ದೆ.

ವಾದ್ಯದ ನಿಜವಾದ ಪರೀಕ್ಷೆ ನಡೆಯುವುದು ಗ್ರೇಸ್‌ನೋಟು ಎಂಬ ಕ್ಷಣಮಾತ್ರದ ಅಲಂಕಾರ ಸ್ವರಗಳಲ್ಲಿ. ಚೀಲದ ಗಾಳಿ ನಿಲ್ಲದೆ ಹರಿಯುವ ಕಾರಣ ಬ್ಯಾಗ್‌ಪೈಪಿನಲ್ಲಿ ನಡುವೆ ಮೌನವಿಲ್ಲ, ದನಿಯನ್ನು ಏರಿಸಿ ಇಳಿಸುವ ಅವಕಾಶವೂ ಇಲ್ಲ. ಒಂದೇ ಸ್ವರವನ್ನು ಎರಡು ಬಾರಿ ನುಡಿಸಬೇಕಾದರೆ ನಡುವೆ ಇನ್ನೊಂದು ಸ್ವರವನ್ನು ಕ್ಷಣಮಾತ್ರ ತಾಗಿಸಿ ಬಿಡಿಸಲೇಬೇಕು. ನಮ್ಮ ಕಣ ಸ್ವರಕ್ಕೆ ಇದು ಹತ್ತಿರದ ನೆಂಟ. ಮ್ಯಾಂಡೊಲಿನ್ನಿನಲ್ಲಿ ಪಿಕ್ಕಿನಿಂದ ಎರಡು ಸಲ ಮೀಟಿದರೆ ಸ್ವರವೇನೋ ಬೇರ್ಪಡುತ್ತದೆ, ಆದರೆ ಮಟ್ಟಿನ ಚಹರೆಯೇ ಹೋಗುತ್ತದೆ. ಅದಕ್ಕಾಗಿ ನಾನು ‘ಎ’ ತಂತಿಯ 2ನೇ ಫ್ರೆಟ್ಟಿನಲ್ಲಿ ಬೆರಳಿಟ್ಟು ಮೀಟಿ, ಮರುಕ್ಷಣವೇ ಅದೇ ಬೆರಳಿನಿಂದ ತಂತಿಯನ್ನು ಸೆಳೆದು ಬಿಡುತ್ತೇನೆ. ಕೈಯಲ್ಲಿ ಇದು ಕೂರಲು ತಂತಿಗಳು ಫ್ರೆಟ್ಟಿಗೆ ಹತ್ತಿರವಿರಬೇಕು.

ಮಾರಾಟಗಾರರು ಕಳಿಸಿದ ವಾದ್ಯದಲ್ಲಿ ಹಾಗಿರಲಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ತನ್ನ ಜಾಗದಿಂದ ಸರಿದಿತ್ತು, 12ನೇ ಫ್ರೆಟ್ಟಿನ ಮೇಲೆ ತಂತಿ 3 ಮಿಲಿಮೀಟರಿಗಿಂತ ಎತ್ತರವಿತ್ತು, ಫೋನಿನಲ್ಲಿ ಹೇಳಿದರೆ ಸರಿಯಾದ ಉತ್ತರವೂ ಬರಲಿಲ್ಲ. ಕೌಲ್ ಬಜಾರಿನ ಕಡೆ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರು ಕುದುರೆಯ ತಳವನ್ನು ಮರಳುಕಾಗದದ ಮೇಲೆ ತಿಕ್ಕಿ ತಗ್ಗಿಸಿದರು. ತಲೆಯ ಕಡೆ ತಂತಿಗಳು ಹಾದುಹೋಗುವ ಪಟ್ಟಿಯಾದ ನಟ್ಟಿನಿಂದ 12ನೇ ಫ್ರೆಟ್ಟಿಗಿರುವ ದೂರವನ್ನು ದಾರದಿಂದ ಅಳೆದು, ಅಲ್ಲಿಂದ ಅಷ್ಟೇ ದೂರಕ್ಕೆ, ಕೂದಲೆಳೆಯಷ್ಟು ಹೆಚ್ಚಿಗೆ ಬಿಟ್ಟು, ಕುದುರೆಯನ್ನು ಕೂರಿಸಿದರು. 400 ರೂಪಾಯಿಯ ಆ ಕೆಲಸದ ನಂತರವೇ ಇದು ನುಡಿಸುವ ವಾದ್ಯವಾಯಿತು. ಕೊಳ್ಳುವವರು ಈ ಖರ್ಚನ್ನೂ ಬೆಲೆಯೊಳಗೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಬ್ಯಾಗ್‌ಪೈಪಿನ ಹೆಗಲ ಮೇಲೆ ಒಂದೇ ಸ್ವರವನ್ನು ಎಡೆಬಿಡದೆ ನುಡಿಯುವ ಮೂರು ಡ್ರೋನ್ ಕೊಳವೆಗಳಿರುತ್ತವೆ. ಎರಡು ಟೆನರ್, ಒಂದು ಬೇಸ್. ಟೆನರ್ ಡ್ರೋನ್ ಚಾಂಟರಿನ ಕೆಳಗಿನ ‘ಎ’ಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಮ್ಯಾಂಡೊಲಿನ್ನಿನ ‘ಜಿ’ ತಂತಿ ಜೋಡಿಯನ್ನು ‘ಎ’ಗೆ ಏರಿಸಿದರೆ ಸರಿಯಾಗಿ ಅದೇ ಸ್ವರ ಸಿಗುತ್ತದೆ. ‘ಡಿ’ ಜೋಡಿಯನ್ನೂ ‘ಇ’ಗೆ ಏರಿಸಿದಾಗ ನಾಲ್ಕು ಜೋಡಿಗಳೂ ಸ, ಪ, ಸ, ಪ ಆಗಿ ನಿಂತು ತಂಬೂರಿಯ ನೆನಪು ತರುತ್ತವೆ. ಬಿಗಿತ ಹೆಚ್ಚುವುದರಿಂದ ಬಿರಡೆಯನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಂತೂ ಮಧ್ಯಾಹ್ನ ಹೊಂದಿಸಿದ ಶ್ರುತಿ ಸಂಜೆಗೆ ಉಳಿದಿರುವುದಿಲ್ಲ.

ನಡಿಗೆಯ ಮಾರ್ಚ್, ಕುಣಿತದ ಜಿಗ್ ಮತ್ತು ರೀಲ್ ಮಟ್ಟುಗಳಿಗೆ ಈ ವಾದ್ಯವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮೊದಲ ಸ್ವರ ಚಿಕ್ಕದಾಗಿ ಮುಂದಿನದು ಉದ್ದವಾಗುವ ಸ್ಟ್ರಾತ್‌ಸ್ಪೇ ಎಂಬ ಕುಣಿತದ ಮಟ್ಟಿನ ಚುರುಕು ನಡೆಯಂತೂ ಪಿಕ್ಕಿನ ಹೊಡೆತಕ್ಕೆ ಊದುವ ವಾದ್ಯಕ್ಕಿಂತ ಸ್ಪಷ್ಟವಾಗಿ ಬರುತ್ತದೆ ಎಂಬುದು ನನ್ನ ಅನಿಸಿಕೆ. ಆದರೆ ವಿಲಂಬಿತದಲ್ಲಿ ಆರಂಭವಾಗಿ ಒಂದೊಂದೇ ಅಲಂಕಾರದೊಂದಿಗೆ ಬೆಳೆಯುವ ಪೀಬ್ರೊಕ್ ಪ್ರಕಾರಕ್ಕೆ ಇದು ಒದಗುವುದಿಲ್ಲ; ಸ್ವರ ಅರಳುವ ಮೊದಲೇ ತಂತಿಯ ನಾದ ಆರಿಹೋಗುತ್ತದೆ. ಅದಕ್ಕೆ ಉದ್ದ ತಂತಿಯ, ಒಂದು ಸ್ಥಾಯಿ ಕೆಳಗಿನ ಆಕ್ಟೇವ್ ಮ್ಯಾಂಡೊಲಿನ್ ಬೇಕು. ಬಳ್ಳಾರಿಯ ಅಂಗಡಿಗಳಲ್ಲಿ ನನಗೆ ಅದು ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಆ ಮಟ್ಟುಗಳನ್ನು ಕೇಳುವುದಕ್ಕಷ್ಟೇ ಇಟ್ಟುಕೊಂಡಿದ್ದೇನೆ.